ಅಮೆರಿಕದ ಕಾಲೇಜ್ ಫುಟ್‌ಬಾಲ್‌ನ ಅತ್ಯುತ್ತಮ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವನು) ಯಾರು? 27 ಯಾರ್ಡ್ ಕಡಿಮೆ ಆಯಿತು ಅಂತ ಜೆಂಟಿಯನ್ನು ಕೆಳಗಿಡಬೇಕಾ?

ಪ್ರಶ್ನೆ

ಈ ವಿಷಯ ತುಂಬಾ ದಿನದಿಂದ ತಲೆ ಕೊರೆಯುತ್ತಿದೆ, ಇವತ್ತು ಕೇಳಿಯೇ ಬಿಡುತ್ತೇನೆ. 2024ರ ಕೊನೆಯ ದಿನ ನಡೆದ ಫಿಯೆಸ್ಟಾ ಬೌಲ್ (ಸೀಸನ್ ಕೊನೆಯ ದೊಡ್ಡ ಮ್ಯಾಚ್‌ಗಳಿಗೆ ಬೌಲ್ ಅನ್ನುತ್ತಾರೆ) ನೋಡಿದವರಿಗೆ ನೆನಪಿರುತ್ತದೆ. ಬಾಯ್ಸಿ ಸ್ಟೇಟ್‌ನ ಆಶ್ಟನ್ ಜೆಂಟಿ ಮೈದಾನಕ್ಕೆ ಇಳಿಯುವಾಗ ಆ ಸೀಸನ್‌ನಲ್ಲಿ ಚೆಂಡು ಹಿಡಿದು ಓಡಿದ 2,497 ಯಾರ್ಡ್ ಅವನ ಹೆಸರಲ್ಲಿತ್ತು. ಇನ್ನು 132 ಓಡಿದ್ದರೆ ಒಕ್ಲಹೋಮ ಸ್ಟೇಟ್‌ನ ಬ್ಯಾರಿ ಸ್ಯಾಂಡರ್ಸ್ 1988ರಲ್ಲಿ ಮಾಡಿದ ಒಂದು ಸೀಸನ್‌ನ 2,628ರ ದಾಖಲೆ ಮುರಿಯುತ್ತಿತ್ತು. ಎದುರು ತಂಡ ಪೆನ್ ಸ್ಟೇಟ್ ಬಿಡಲಿಲ್ಲ. ಜೆಂಟಿ 30 ಸಲ ಚೆಂಡು ಹಿಡಿದು ನುಗ್ಗಿದ, ಸಿಕ್ಕಿದ್ದು 104 ಯಾರ್ಡ್. ಸೀಸನ್ 2,601ಕ್ಕೆ ನಿಂತಿತು. ಬಾಯ್ಸಿ 31-14ರಲ್ಲಿ ಸೋತು ಮನೆಗೆ ಹೋಯಿತು.

ಆವತ್ತಿನಿಂದ ಎಲ್ಲರೂ ಹೇಳುವುದು ಒಂದೇ. ಸ್ಯಾಂಡರ್ಸ್ ದಾಖಲೆ ಉಳಿಯಿತು, ಆದ್ದರಿಂದ ಅವನೇ ದೊಡ್ಡವನು, ಚರ್ಚೆ ಮುಗಿಯಿತು. ನನಗೆ ಇದು ಒಪ್ಪಿಗೆಯಾಗುತ್ತಿಲ್ಲ. ಜೆಂಟಿ ಓಟ ನೋಡಿದವರು ಹೇಳಲಿ, ಅವನನ್ನು ಒಬ್ಬನೇ ಬೀಳಿಸಿದ್ದು ಎಷ್ಟು ಸಲ ನೋಡಿದ್ದೀರಿ? ಮೊದಲ ಹೊಡೆತ ಬಿದ್ದ ಮೇಲೇ ಅವನ ಓಟ ಶುರುವಾಗುತ್ತಿತ್ತು. ಒರೆಗನ್ ಮೈದಾನಕ್ಕೇ ಹೋಗಿ 192 ಯಾರ್ಡ್, 3 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು) ಹೊಡೆದ. ಆ ಒರೆಗನ್ ತಂಡ ರೋಸ್ ಬೌಲ್‌ವರೆಗೆ ಒಂದೂ ಮ್ಯಾಚ್ ಸೋಲದ ತಂಡ. ಇನ್ನೊಂದು ಕಡೆ ಯೂಟಾ ಸ್ಟೇಟ್ ವಿರುದ್ಧ 13 ಕ್ಯಾರಿಗೆ, ಅಂದರೆ 13 ಸಲ ಚೆಂಡು ಹಿಡಿದು, 186 ಯಾರ್ಡ್ ಓಡಿ, ದ್ವಿತೀಯಾರ್ಧದಲ್ಲಿ ಬೆಂಚ್ ಮೇಲೆ ಕೂತಿದ್ದ. ಅವತ್ತು ಇನ್ನೊಂದು ಕ್ವಾರ್ಟರ್ ಆಡಿಸಿದ್ದರೆ ಈ 27 ಯಾರ್ಡ್‌ನ ಮಾತೇ ಇರುತ್ತಿರಲಿಲ್ಲ ಅಲ್ವಾ?

ಹಾಗಂತ ಜೆಂಟಿಯೇ ಸಾರ್ವಕಾಲಿಕ ನಂಬರ್ ಒನ್ ಅಂತ ನಾನು ಹಟ ಹಿಡಿಯುತ್ತಿಲ್ಲ. ನನಗೆ ತಿಳಿಯಬೇಕಾಗಿರುವುದು ನೀವು ಯಾವ ಅಳತೆಗೋಲು ಇಟ್ಟುಕೊಳ್ಳುತ್ತೀರಿ ಅಂತ. ಒಂದು ಸೀಸನ್‌ನ ಲೆಕ್ಕವಾ? ಮೂರು ನಾಲ್ಕು ವರ್ಷದ ಲೆಕ್ಕವಾ? ತಂಡ ಗೆದ್ದಿತಾ ಅನ್ನುವುದಾ? ಇಲ್ಲ ಸುಮ್ನೆ ಕಣ್ಣಿಗೆ ಕಂಡ ಓಟವಾ? ಒಂದೇ ಒಂದು ಕೋರಿಕೆ. ಎನ್‌ಎಫ್‌ಎಲ್‌ಗೆ, ಅಂದರೆ ವೃತ್ತಿಪರ ಲೀಗ್‌ಗೆ, ಹೋದ ಮೇಲೆ ಏನು ಮಾಡಿದರು ಅನ್ನುವುದನ್ನು ತರಬೇಡಿ. ಕಾಲೇಜ್ ಮಾತ್ರ.

ಉತ್ತರ 1

ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೆ 27 ಯಾರ್ಡ್ ಅಂತ ಹೇಳುವುದೇ ಸ್ಯಾಂಡರ್ಸ್‌ಗೆ ಮಾಡುವ ಅನ್ಯಾಯ. ಜೆಂಟಿ ಆಡಿದ್ದು 14 ಮ್ಯಾಚ್. ಸ್ಯಾಂಡರ್ಸ್ ಆಡಿದ್ದು 11. ಜೆಂಟಿ ತನ್ನ ಮೊದಲ 11 ಮ್ಯಾಚ್‌ಗಳಲ್ಲಿ ಓಡಿದ್ದು 2,062. ಅಂದರೆ ನಿಜವಾದ ಅಂತರ 566 ಯಾರ್ಡ್. ಅದೇನು ಸಣ್ಣ ಗ್ಯಾಪ್ ಅಲ್ಲ ಸ್ವಾಮಿ, ಕೆಲವರ ಇಡೀ ಸೀಸನ್ ಅಷ್ಟಿರುತ್ತದೆ.

ಇನ್ನೂ ಒಂದಿದೆ. ಆ ಕಾಲದಲ್ಲಿ ಬೌಲ್ ಮ್ಯಾಚ್‌ನ ಅಂಕಿಗಳನ್ನು ಸೀಸನ್ ಲೆಕ್ಕಕ್ಕೆ ಸೇರಿಸುತ್ತಿರಲಿಲ್ಲ. 2002ರಿಂದ ಮಾತ್ರ ಸೇರಿಸುತ್ತಿದ್ದಾರೆ. ಸ್ಯಾಂಡರ್ಸ್ ಹಾಲಿಡೇ ಬೌಲ್‌ನಲ್ಲಿ ವಯೋಮಿಂಗ್ ವಿರುದ್ಧ 222 ಯಾರ್ಡ್, 5 ಟಚ್‌ಡೌನ್ ಹೊಡೆದ. 62-14. ಅದನ್ನು ಸೇರಿಸಿದರೆ 12 ಮ್ಯಾಚ್‌ಗೆ 2,850 ಯಾರ್ಡ್, 42 ಟಚ್‌ಡೌನ್, ಬರೀ ಓಟದಲ್ಲಿ. ಜೆಂಟಿಗೆ ಲೆಕ್ಕಕ್ಕೆ ಬಂದ ಫಿಯೆಸ್ಟಾ ಬೌಲ್ ಸ್ಯಾಂಡರ್ಸ್ ಕಾಲದಲ್ಲಾಗಿದ್ದರೆ ಲೆಕ್ಕಕ್ಕೇ ಬರುತ್ತಿರಲಿಲ್ಲ.

ಆ 1988ರ ಪಟ್ಟಿಯನ್ನು ಒಂದು ಸಲ ಮ್ಯಾಚ್ ಮ್ಯಾಚ್ ಆಗಿ ಓದಿ ನೋಡಿ. ಟಲ್ಸಾ ವಿರುದ್ಧ 304. ಕ್ಯಾನ್ಸಸ್ ಸ್ಟೇಟ್ ವಿರುದ್ಧ 320. ಕ್ಯಾನ್ಸಸ್ ವಿರುದ್ಧ 312. ಅಯೋವಾ ಸ್ಟೇಟ್ ವಿರುದ್ಧ 293. ಒಕ್ಲಹೋಮ ವಿರುದ್ಧ 215. ಕೊನೆಯ ಮ್ಯಾಚ್ ಟೋಕಿಯೋದಲ್ಲಿ, ಟೆಕ್ಸಸ್ ಟೆಕ್ ವಿರುದ್ಧ. ವರ್ಷದ ಅತ್ಯುತ್ತಮ ಕಾಲೇಜ್ ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ ಬಂದ ಸುದ್ದಿ ಅವನಿಗೆ ಸಿಕ್ಕಿದ್ದೂ ಅಲ್ಲೇ. ಸುದ್ದಿ ಕೇಳಿ ಮೈದಾನಕ್ಕಿಳಿದು 332 ಓಡಿದ. ಇಡೀ ಸೀಸನ್‌ನಲ್ಲಿ ಅವನ ಅತಿ ಕೆಟ್ಟ ದಿನ ಯಾವುದು ಗೊತ್ತಾ? ಮಿಸ್ಸೌರಿ ವಿರುದ್ಧ, 154 ಯಾರ್ಡ್, 2 ಟಚ್‌ಡೌನ್. ಅದು ಕೆಟ್ಟ ದಿನ! ಪ್ರತಿ ಮ್ಯಾಚ್‌ನಲ್ಲೂ ಕಡಿಮೆ ಅಂದರೆ 2 ಟಚ್‌ಡೌನ್ ಇದೆ, ಒಂದೂ ತಪ್ಪಿಲ್ಲ.

ಇಷ್ಟೆಲ್ಲ ಮಾಡಿದವನು ಅದರ ಹಿಂದಿನ ಎರಡು ವರ್ಷ ಅದೇ ತಂಡದ ತರ್ಮನ್ ಥಾಮಸ್ ಹಿಂದೆ ಸರದಿ ಕಾಯುತ್ತಿದ್ದ. 1987ರಲ್ಲಿ ಕಿಕ್‌ಆಫ್ ರಿಟರ್ನ್ (ಎದುರಾಳಿ ಒದ್ದ ಚೆಂಡು ಹಿಡಿದು ಓಡುವುದು) ಸರಾಸರಿಯಲ್ಲಿ ದೇಶಕ್ಕೇ ಮೊದಲಿಗ, ಆದರೂ ಆರಂಭದ ಹನ್ನೊಂದರಲ್ಲಿ ಜಾಗವಿಲ್ಲ. ಸಿಕ್ಕಿದ ಒಂದೇ ಒಂದು ಪೂರ್ತಿ ವರ್ಷದಲ್ಲಿ ಇಷ್ಟು ಮಾಡಿದ. ನನ್ನ ಪಾಲಿಗೆ ಚರ್ಚೆ ಅಲ್ಲಿಗೇ ಮುಗಿಯುತ್ತದೆ.

ಉತ್ತರ 2

ಒಂದು ವರ್ಷ ಅಂತ ನೀವೇ ಹೇಳಿದಿರಿ. ನನ್ನ ತಕರಾರು ಇರುವುದೂ ಅಲ್ಲೇ. ಕಾಲೇಜ್ ಆಟಗಾರ ಅಂದರೆ ಬಂದ ದಿನದಿಂದ ಹೋಗುವ ದಿನದವರೆಗೆ ಏನು ಮಾಡಿದ ಅನ್ನುವುದನ್ನು ನೋಡಬೇಕು. ಹಾಗೆ ನೋಡಿದರೆ ಹರ್ಷಲ್ ವಾಕರ್ ಪಕ್ಕದಲ್ಲಿ ನಿಲ್ಲುವವರು ಯಾರೂ ಇಲ್ಲ.

1980. ಜಾರ್ಜಿಯಾದ ರೈಟ್ಸ್‌ವಿಲ್ ಅನ್ನುವ ಸಣ್ಣ ಊರಿನಿಂದ ಬಂದ ಹುಡುಗ. ಮೊದಲ ಮ್ಯಾಚ್, ಟೆನ್ನೆಸ್ಸೀ ಮೈದಾನದಲ್ಲಿ. ಅವನು ಆರಂಭದ ತಂಡದಲ್ಲೂ ಇರಲಿಲ್ಲ. ಜಾರ್ಜಿಯಾ 15-2ರಲ್ಲಿ ಹಿಂದಿತ್ತು. ಅವನ ಕೈಗೆ ಚೆಂಡು ಕೊಟ್ಟರು. ಅಡ್ಡ ಬಂದ ಟೆನ್ನೆಸ್ಸೀಯ ಸೇಫ್ಟಿ (ಹಿಂದೆ ನಿಲ್ಲುವ ರಕ್ಷಕ) ಬಿಲ್ ಬೇಟ್ಸ್‌ನ ಮೇಲೆ ಹಾದು ಎಂಡ್ ಝೋನ್‌ಗೆ ಹೋದ. ಪಕ್ಕದಿಂದ ತಪ್ಪಿಸಿಕೊಂಡು ಹೋಗಲಿಲ್ಲ, ಮೇಲೆಯೇ ಹಾದು ಹೋದ. 16-15ರಲ್ಲಿ ಜಾರ್ಜಿಯಾ ಗೆದ್ದಿತು. ಆ ವರ್ಷ ಒಂದೂ ಮ್ಯಾಚ್ ಸೋಲದೆ ರಾಷ್ಟ್ರೀಯ ಚಾಂಪಿಯನ್ ಆಯಿತು. ಸೌತ್ ಕ್ಯಾರೊಲೈನಾ ವಿರುದ್ಧ ಅವನು 219 ಯಾರ್ಡ್ ಓಡಿದ, ಎದುರು ತಂಡದಲ್ಲಿದ್ದವನು ಜಾರ್ಜ್ ರಾಜರ್ಸ್. ಮ್ಯಾಚ್ ಗೆದ್ದಿದ್ದು ಜಾರ್ಜಿಯಾ, ಹೈಸ್ಮನ್ ಹೋಗಿದ್ದು ರಾಜರ್ಸ್‌ಗೆ. ಆಗಿನ ಕಾಲಕ್ಕೆ ಮೊದಲ ವರ್ಷದವನಿಗೆ ಆ ಟ್ರೋಫಿ ಕೊಡುವ ಮನಸ್ಸು ಯಾರಿಗೂ ಇರಲಿಲ್ಲ. ಹೈಸ್ಮನ್ ಮತದಲ್ಲಿ ಮೊದಲ ವರ್ಷ ಮೂರನೆಯವನು, ಎರಡನೇ ವರ್ಷ ಎರಡನೆಯವನು, 1982ರಲ್ಲಿ ಮೊದಲನೆಯವನು. ಮೂರೂ ವರ್ಷ ಆಲ್ ಅಮೆರಿಕನ್, ಅಂದರೆ ದೇಶದ ಅತ್ಯುತ್ತಮರ ಪಟ್ಟಿಯಲ್ಲಿ. ಮೂರು ವರ್ಷದಲ್ಲಿ ಜಾರ್ಜಿಯಾ 33 ಗೆದ್ದು ಮೂರೇ ಮೂರು ಸೋತಿತು.

ಈಗ ಶುಗರ್ ಬೌಲ್‌ಗೆ ಬನ್ನಿ. 1981ರ ಜನವರಿ 1, ನೋಟರ್ ಡೇಮ್ ವಿರುದ್ಧ, ಚಾಂಪಿಯನ್‌ಶಿಪ್ ನಿರ್ಧಾರವಾಗುವ ಮ್ಯಾಚ್. ಮ್ಯಾಚ್ ಶುರುವಾಗಿ ಸ್ವಲ್ಪ ಹೊತ್ತಿಗೇ ಭುಜದ ಕೀಲು ತಪ್ಪಿತು. ಅದನ್ನು ಕೂರಿಸಿಕೊಂಡು ವಾಪಸ್ ಬಂದ. 150 ಯಾರ್ಡ್, 2 ಟಚ್‌ಡೌನ್. ಈಗ ನಾನು ಹೇಳುವುದನ್ನು ನಿಧಾನವಾಗಿ ಓದಿ. ಆ ದಿನ ಇಡೀ ಜಾರ್ಜಿಯಾ ತಂಡದ ಒಟ್ಟು ಗಳಿಕೆ 127 ಯಾರ್ಡ್. ಅವನೊಬ್ಬನದು 150. ಉಳಿದವರೆಲ್ಲ ಸೇರಿ ಮೈನಸ್. ಕ್ವಾರ್ಟರ್‌ಬ್ಯಾಕ್ 12 ಪಾಸ್ ಎಸೆದು ಒಂದೇ ಒಂದು ತಲುಪಿಸಿದ, 7 ಯಾರ್ಡ್. ಎದುರಿಗಿದ್ದ 11 ಜನಕ್ಕೂ ಚೆಂಡು ಯಾರಿಗೆ ಹೋಗುತ್ತದೆ ಅಂತ ಗೊತ್ತಿತ್ತು. ಗೊತ್ತಿದ್ದೂ ತಡೆಯಲಾಗಲಿಲ್ಲ. 17-10.

ಜೆಂಟಿ ದಾಖಲೆ ಹತ್ತಿರ ಬಂದ, ಸ್ಯಾಂಡರ್ಸ್ ದಾಖಲೆ ಮಾಡಿದ, ಎರಡೂ ಸರಿ. ಆದರೆ ಒಬ್ಬ ಹುಡುಗ ಬಂದ ವರ್ಷವೇ, ಕಿತ್ತುಹೋದ ಭುಜದಲ್ಲಿ, ತಂಡವನ್ನು ಒಬ್ಬನೇ ಹೊತ್ತು ದೇಶದ ಪಟ್ಟ ತಂದುಕೊಟ್ಟಿದ್ದು ಬೇರೆ ಯಾರ ಕಥೆಯಲ್ಲೂ ಇಲ್ಲ.

ಉತ್ತರ 3

ಶುಗರ್ ಬೌಲ್ ವಿಷಯಕ್ಕೆ ಕೈ ಮುಗಿಯುತ್ತೇನೆ. ಆದರೂ ಒಂದು ಮಾತು. ವಾಕರ್ 5,259 ಯಾರ್ಡ್ ಓಡಿದ್ದು 994 ಕ್ಯಾರಿಗಳಲ್ಲಿ. ಕ್ಯಾರಿಗೆ 5.3. ಸ್ಯಾಂಡರ್ಸ್ ಆ ಒಂದು ವರ್ಷ ಕ್ಯಾರಿಗೆ 7.6, ಜೆಂಟಿ 7.0. ಆಬರ್ನ್‌ನ ಬೋ ಜ್ಯಾಕ್ಸನ್ ನಾಲ್ಕೂ ವರ್ಷ ಸೇರಿಸಿದರೂ 6.6, ಅದೂ ವಾಕರ್ ಆಡಿದ ಅದೇ ಕಾನ್ಫರೆನ್ಸ್‌ನಲ್ಲಿ (ಕಾಲೇಜ್ ತಂಡಗಳ ಗುಂಪು), ಹೆಚ್ಚು ಕಡಿಮೆ ಅದೇ ಕಾಲದಲ್ಲಿ. ಚೆಂಡು ಅಷ್ಟು ಸಲ ಕೊಟ್ಟರೆ ಯಾರ್ಡ್ ಬಂದೇ ಬರುತ್ತದೆ. ಬೋ ಕೈಗೆ 994 ಸಲ ಕೊಟ್ಟಿದ್ದರೆ?

ಉತ್ತರ 2 ಬರೆದವರು ಮತ್ತೆ

ಕೊಟ್ಟಿದ್ದರೆ ಅನ್ನುವುದೇ ಪ್ರಶ್ನೆ. ಬೋ ಗಾಯಗಳಿಂದ ಮ್ಯಾಚ್ ತಪ್ಪಿಸಿಕೊಂಡ, ಬೇಸ್‌ಬಾಲ್ ಆಡಿದ, ಟ್ರ್ಯಾಕ್‌ನಲ್ಲಿ ಓಡಿದ. ಪ್ರತಿಭೆ ಮಾತ್ರ ತೂಕ ಹಾಕಿದರೆ ನಾನೂ ಬೋ ಅಂತಲೇ ಹೇಳಬಹುದು. ಆದರೆ ವರ್ಷಕ್ಕೆ ಸರಾಸರಿ 300ಕ್ಕೂ ಜಾಸ್ತಿ ಸಲ, ಮೂರು ವರ್ಷ, ಎದುರಾಳಿಯ 8 ಜನ ಬಾಕ್ಸ್‌ನಲ್ಲಿ (ಲೈನ್ ಹತ್ತಿರವೇ) ಕಾಯುತ್ತಿರುವಾಗ ಅದರೊಳಗೇ ನುಗ್ಗುವುದಿದೆಯಲ್ಲ, ಅದೂ ಒಂದು ತಾಕತ್ತು. ಆ 5.3ರಲ್ಲಿ ಎಷ್ಟು ಓಟ ಜಾಗವೇ ಇಲ್ಲದ ಕಡೆ ಹುಟ್ಟಿದ್ದು ಅಂತ ವಿಡಿಯೋ ನೋಡಿ ಎಣಿಸಿ, ಆಮೇಲೆ ಮಾತಾಡೋಣ.

ಉತ್ತರ 4

ವೃತ್ತಿಜೀವನದ ಒಟ್ಟು ಲೆಕ್ಕ ಅಂತ ಶುರು ಮಾಡಿದರೆ ದಯವಿಟ್ಟು ದಾಖಲೆ ಪುಸ್ತಕವನ್ನು ಹಾಗೇ ನಂಬಬೇಡಿ. ಅದರಲ್ಲಿ ಒಂದು ದೊಡ್ಡ ಕೊಕ್ಕೆ ಇದೆ. ಇದನ್ನು ನೆನೆಸಿಕೊಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಅಧಿಕೃತವಾಗಿ ಅತಿ ಹೆಚ್ಚು ಯಾರ್ಡ್ ಇರುವುದು ಸ್ಯಾನ್ ಡಿಯೇಗೊ ಸ್ಟೇಟ್‌ನ ಡಾನೆಲ್ ಪಂಫ್ರೀ ಹೆಸರಲ್ಲಿ, 6,405. ಎರಡನೆಯವನು ವಿಸ್ಕಾನ್ಸಿನ್‌ನ ರಾನ್ ಡೇನ್, 6,397. ಅಂತರ 8 ಯಾರ್ಡ್. ಪಂಫ್ರೀ 2016ರಲ್ಲಿ ಡೇನ್‌ನನ್ನು ದಾಟಿದ್ದು ಲಾಸ್ ವೇಗಸ್ ಬೌಲ್‌ನಲ್ಲಿ. ಅಂದರೆ ಒಂದು ಬೌಲ್ ಮ್ಯಾಚ್‌ನಲ್ಲಿ. ಡೇನ್ ಆಡಿದ್ದು 1996ರಿಂದ 1999ರವರೆಗೆ. ಅವನ ನಾಲ್ಕು ಬೌಲ್ ಮ್ಯಾಚ್ ಲೆಕ್ಕದಲ್ಲೇ ಇಲ್ಲ. ಯೂಟಾ ವಿರುದ್ಧ 246, ಜಾರ್ಜಿಯಾ ವಿರುದ್ಧ 36, ರೋಸ್ ಬೌಲ್‌ನಲ್ಲಿ ಯುಸಿಎಲ್‌ಎ ವಿರುದ್ಧ 246, ಮರುವರ್ಷ ಅದೇ ರೋಸ್ ಬೌಲ್‌ನಲ್ಲಿ ಸ್ಟ್ಯಾನ್‌ಫರ್ಡ್ ವಿರುದ್ಧ 200. ಒಟ್ಟು 728. ಸೇರಿಸಿದರೆ 7,125. ಎಲ್ಲರಿಗೂ ಕಾಣುವಂತೆ, ತುಂಬಿದ ಸ್ಟೇಡಿಯಂನಲ್ಲಿ, ಎರಡು ರೋಸ್ ಬೌಲ್ ಗೆಲ್ಲಿಸಿಕೊಟ್ಟ ಓಟ ಅದು. ಅದು ನಡೆದೇ ಇಲ್ಲ ಅನ್ನುವ ಹಾಗೆ ಪುಸ್ತಕ ಸುಮ್ನಿದೆ. ಪಂಫ್ರೀ ಮೇಲೆ ನನಗೆ ಒಂದು ಚೂರೂ ಸಿಟ್ಟಿಲ್ಲ, ಅಷ್ಟು ಸಣ್ಣ ಮೈಕಟ್ಟಿನಲ್ಲಿ ನಾಲ್ಕು ವರ್ಷ ಆ ಹೊಡೆತ ತಿಂದವನು ಅವನು. ನಿಯಮ ಮಾಡಿದವರು ಹಳೆಯ ಅಂಕಿಗಳನ್ನೂ ಸರಿ ಮಾಡಬೇಕಿತ್ತು, ಅಷ್ಟೇ.

ಪಿಟ್ಸ್‌ಬರ್ಗ್‌ನ ಟೋನಿ ಡಾರ್ಸೆಟ್‌ಗೂ ಇದೇ ಆಗಿದೆ. 6,000 ದಾಟಿದ ಮೊದಲಿಗ. 1976ರಲ್ಲಿ ಹೈಸ್ಮನ್, ತಂಡಕ್ಕೆ ರಾಷ್ಟ್ರೀಯ ಪಟ್ಟ, ಶುಗರ್ ಬೌಲ್‌ನಲ್ಲಿ ಜಾರ್ಜಿಯಾ ವಿರುದ್ಧ 202. ಪುಸ್ತಕದಲ್ಲಿ ಅವನ ಆ ಸೀಸನ್ 1,948 ಅಂತಿದೆ, ಬೌಲ್ ಸೇರಿಸಿದರೆ 2,150. ಅವನ 6,082 ದಾಖಲೆ 22 ವರ್ಷ ನಿಂತಿತ್ತು. 1998ರಲ್ಲಿ ಟೆಕ್ಸಸ್‌ನ ರಿಕಿ ವಿಲಿಯಮ್ಸ್ ಅದನ್ನು ಮುರಿದ. ಟೆಕ್ಸಸ್ ಎ ಅಂಡ್ ಎಂ ವಿರುದ್ಧ 60 ಯಾರ್ಡ್‌ನ ಒಂದೇ ಓಟ, ಟಚ್‌ಡೌನ್‌ನಲ್ಲೇ ಮುಗಿಯಿತು. ದಾಖಲೆ ಮುರಿದರೆ ಹಾಗೆ ಮುರಿಯಬೇಕು ಅನ್ನಿಸಿತ್ತು.

ನನ್ನ ಓಟು ಡಾರ್ಸೆಟ್‌ಗೆ. ನಾಲ್ಕೂ ವರ್ಷ 1,000 ದಾಟಿದ, ಕೊನೆಯ ವರ್ಷ ಪಟ್ಟವನ್ನೂ ತಂದ. ಒಂದು ವರ್ಷವೂ ಖಾಲಿ ಹೋಗಲಿಲ್ಲ.

ಉತ್ತರ 5

ಇಷ್ಟು ಉದ್ದ ಚರ್ಚೆಯಲ್ಲಿ ಆರ್ಚಿ ಗ್ರಿಫಿನ್ ಹೆಸರು ಯಾರೂ ಎತ್ತಲಿಲ್ಲ! 1974, 1975, ಎರಡು ಹೈಸ್ಮನ್. 1935ರಿಂದ ಕೊಡುತ್ತಿರುವ ಟ್ರೋಫಿಯನ್ನು ಎರಡು ಸಲ ಗೆದ್ದವನು ಅವನೊಬ್ಬನೇ. ಬೌಲ್ ಮ್ಯಾಚ್ ಬಿಟ್ಟರೆ ಸತತ 31 ಮ್ಯಾಚ್‌ಗಳಲ್ಲಿ 100 ಯಾರ್ಡ್ ದಾಟಿದ. ಓಹಾಯೊ ಸ್ಟೇಟ್‌ಗಾಗಿ ನಾಲ್ಕೂ ವರ್ಷ ರೋಸ್ ಬೌಲ್ ಆಡಿದ.

ಉತ್ತರ 4 ಬರೆದವರು ಮತ್ತೆ

ಗ್ರಿಫಿನ್ ಬಗ್ಗೆ ಗೌರವ ಇದ್ದೇ ಇದೆ. 1974ರ ಟ್ರೋಫಿಗೆ ಯಾರೂ ಎದುರಾಡುವುದಿಲ್ಲ. ಆದರೆ 1975ರ ಎರಡನೆಯ ಟ್ರೋಫಿಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಆ ವರ್ಷ ಅವನ ಟಚ್‌ಡೌನ್ ಬರೀ 4. ಅವನ ತಂಡದ ಫುಲ್‌ಬ್ಯಾಕ್ ಪೀಟ್ ಜಾನ್ಸನ್ ಹೊಡೆದಿದ್ದು 25. ಬಿಗ್ ಟೆನ್ ಕಾನ್ಫರೆನ್ಸ್‌ನ ಅತ್ಯುತ್ತಮ ಆಟಗಾರ ಅಂತ ಬೆಳ್ಳಿ ಫುಟ್‌ಬಾಲ್ ಸಿಕ್ಕಿದ್ದು ಅದೇ ತಂಡದ ಕ್ವಾರ್ಟರ್‌ಬ್ಯಾಕ್ ಕಾರ್ನೀಲಿಯಸ್ ಗ್ರೀನ್‌ಗೆ. ಗ್ರಿಫಿನ್ ಮಹಾನ್ ಆಟಗಾರ, ಎರಡು ಮಾತಿಲ್ಲ. ಎರಡು ಟ್ರೋಫಿ ಇದೆ ಅಂದ ಮಾತ್ರಕ್ಕೆ ಅವನೇ ಮೊದಲಿಗ ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಟ್ರೋಫಿ ಕೊಡುವವರು ಮತದಾರರು. ಅವರಿಗೆ ಹಿಂದಿನ ವರ್ಷದ ನೆನಪೂ ಇರುತ್ತದೆ.

ಉತ್ತರ 6

ನಾನು ಸ್ವಲ್ಪ ಬೇರೆ ಕಡೆಯಿಂದ ಬರುತ್ತೇನೆ. ನನಗೆ ಈ ಆಟದಲ್ಲಿ ಮೊದಲು ಕಣ್ಣು ಹೋಗುವುದು ಮುಂದಿನ ಐದು ಜನರ ಮೇಲೆ, ಅಂದರೆ ಲೈನ್ ಮೇಲೆ. ಅಲ್ಲಿ ದಾರಿ ಆಗದಿದ್ದರೆ ಯಾವ ದೇವರೂ ಓಡಲಾರ. ಮೊದಲ ಮೂರು ನಾಲ್ಕು ಯಾರ್ಡ್ ಲೈನ್‌ನವರದು, ಅದರ ಮುಂದಿನದು ಓಡುವವನದು ಅಂತ ನನ್ನ ಲೆಕ್ಕ. ನೀವೆಲ್ಲ ಒಟ್ಟು ಯಾರ್ಡ್ ಹಿಡಿದು ಜಗಳ ಮಾಡುತ್ತಿದ್ದೀರಿ. ಅದರಲ್ಲಿ ಯಾರ ಪಾಲು ಎಷ್ಟು ಅಂತ ಬಿಡಿಸಿ ನೋಡದೆ ಹೋಲಿಕೆ ಹೇಗೆ?

ಒಂದು ಉದಾಹರಣೆ ಕೊಡುತ್ತೇನೆ. 2014ರ ನವೆಂಬರ್. ವಿಸ್ಕಾನ್ಸಿನ್‌ನ ಮೆಲ್ವಿನ್ ಗಾರ್ಡನ್ ನೆಬ್ರಾಸ್ಕ ವಿರುದ್ಧ 25 ಕ್ಯಾರಿಗೆ 408 ಯಾರ್ಡ್ ಓಡಿದ, ಅದೂ ಮೂರೇ ಕ್ವಾರ್ಟರ್‌ನಲ್ಲಿ. 1999ರಲ್ಲಿ ಲಡೇನಿಯನ್ ಟಾಮ್ಲಿನ್‌ಸನ್ ಮಾಡಿದ 406ರ ದಾಖಲೆ ಹೋಯಿತು. ಎಲ್ಲರೂ ಬಾಯಿ ಬಿಟ್ಟು ನೋಡಿದರು. ಎಷ್ಟು ದಿನ? ಒಂದು ವಾರ. ಮುಂದಿನ ಶನಿವಾರವೇ ಒಕ್ಲಹೋಮದ ಸಮಾಜೆ ಪೆರೈನ್, ಇನ್ನೂ ಮೊದಲ ವರ್ಷದ ಹುಡುಗ, ಕ್ಯಾನ್ಸಸ್ ವಿರುದ್ಧ 427 ಓಡಿಬಿಟ್ಟ. ಇಬ್ಬರೂ ಒಳ್ಳೆಯವರೇ. ಆದರೆ ಆ ಎರಡೂ ಮ್ಯಾಚ್‌ಗಳನ್ನು ಮತ್ತೆ ಹಾಕಿ ನೋಡಿ, ಎಷ್ಟೋ ಸಲ ಅವರನ್ನು ಮುಟ್ಟುವವರೇ ಇಲ್ಲ. ಹೆಬ್ಬಾಗಿಲ ಹಾಗೆ ದಾರಿ ತೆರೆದಿದೆ. ಗಾರ್ಡನ್ ಆ ವರ್ಷ 2,587ಕ್ಕೆ ನಿಂತ, ಜೆಂಟಿಗಿಂತ 14 ಕಡಿಮೆ, ಅವನೂ ಆಡಿದ್ದು 14 ಮ್ಯಾಚ್, ಕ್ಯಾರಿಗೆ 7.5. ಜೆಂಟಿಗಿಂತ ಸರಾಸರಿ ಜಾಸ್ತಿ. ಆದರೂ ಇಲ್ಲಿ ಯಾರೂ ಗಾರ್ಡನ್ ಹೆಸರು ಹೇಳಲಿಲ್ಲ, ಗಮನಿಸಿದಿರಾ? ನಿಮಗೆಲ್ಲ ಒಳಗೊಳಗೇ ಗೊತ್ತು, ಅಂಕಿ ಮಾತ್ರ ನೋಡಿ ಯಾರೂ ತೀರ್ಮಾನ ಮಾಡುವುದಿಲ್ಲ ಅಂತ.

ಸ್ಯಾಂಡರ್ಸ್ ವಿಷಯಕ್ಕೆ ಬಂದರೆ, 1988ರ ಒಕ್ಲಹೋಮ ಸ್ಟೇಟ್ ಲೈನ್ ತುಂಬಾ ಗಟ್ಟಿ. ವಾರ್ ಪಿಗ್ಸ್ ಅಂತ ಅವರಿಗೆ ಹೆಸರೇ ಇತ್ತು. ಮೈಕ್ ಗಂಡಿ ಕ್ವಾರ್ಟರ್‌ಬ್ಯಾಕ್, ಹಾರ್ಟ್ ಲೀ ಡೈಕ್ಸ್ ರಿಸೀವರ್. ಆ ಡೈಕ್ಸ್ ಮೇಲೆ ಕಣ್ಣಿಡದೆ ಎಲ್ಲರನ್ನೂ ಮುಂದೆ ತಂದು ನಿಲ್ಲಿಸುವ ಹಾಗಿರಲಿಲ್ಲ. ಹಾಗಾಗಿ ಉತ್ತರ 2ರವರು ಹೇಳಿದ ಆ 127 ಯಾರ್ಡ್‌ನ ಮಾತು ನನಗೆ ತುಂಬಾ ತೂಕದ್ದು ಅನ್ನಿಸಿತು. ಪಾಸ್ ಇಲ್ಲ, ಮೋಸದ ಆಟ ಇಲ್ಲ, ಮುಚ್ಚುಮರೆ ಇಲ್ಲ.

ಆದರೆ ಸ್ಯಾಂಡರ್ಸ್‌ನ ಪಾಲು ಕಡಿಮೆ ಅಂತ ಹೇಳಿದರೆ ನನ್ನ ನಾಲಿಗೆ ಬಿದ್ದು ಹೋಗುತ್ತದೆ. ಅವನ ಎತ್ತರ 5 ಅಡಿ 8 ಇಂಚು. ದಪ್ಪ ತೊಡೆ, ನೆಲಕ್ಕೆ ಹತ್ತಿರ. ಲೈನ್ ಕೊಟ್ಟ ದಾರಿ ಮುಚ್ಚಿದ ಮೇಲೆ ಅವನು ಮಾಡುತ್ತಿದ್ದುದನ್ನು ಯಾವ ಕೋಚೂ ಕಲಿಸಿಲ್ಲ. ಪೂರ್ತಿ ವೇಗದಲ್ಲಿ ಬರುತ್ತಿದ್ದವನು ಒಂದೇ ಹೆಜ್ಜೆಗೆ ನಿಲ್ಲುತ್ತಿದ್ದ, ಎದುರಿನವನು ಜಾರಿ ಹೋಗುತ್ತಿದ್ದ, ಮರು ಹೆಜ್ಜೆಗೇ ಇವನು ಮತ್ತೆ ಪೂರ್ತಿ ವೇಗದಲ್ಲಿ ಇರುತ್ತಿದ್ದ. ನಿಂತು ಹೊರಡುವುದಕ್ಕೆ ಉಳಿದವರಿಗೆ ಮೂರು ನಾಲ್ಕು ಹೆಜ್ಜೆ ಬೇಕು. ಲೈನ್‌ನ ಪಾಲು ಕಳೆದು ಉಳಿದಿದ್ದನ್ನು ನೋಡಿದರೂ ಒಂದು ಸೀಸನ್‌ಗೆ ಅವನೇ. ಕಳೆದ ಮೇಲೆ ಅವನ ಹತ್ತಿರ ನಿಲ್ಲುವವನು ಜೆಂಟಿ. ಪ್ರಶ್ನೆ ಕೇಳಿದವರ ಕಣ್ಣು ಸರಿಯಾಗೇ ನೋಡಿದೆ.

ಉತ್ತರ 7

ಕಣ್ಣಿಗೆ ಕಂಡ ಓಟ ಅಂತ ಪ್ರಶ್ನೆಯಲ್ಲೇ ಇದೆ, ಹಾಗಾಗಿ ರೆಜ್ಜಿ ಬುಷ್ ಹೆಸರು ಹೇಳಲೇಬೇಕು. 2005, ಯುಎಸ್‌ಸಿ, ಕ್ಯಾರಿಗೆ 8.7 ಯಾರ್ಡ್. ಫ್ರೆಸ್ನೊ ಸ್ಟೇಟ್ ವಿರುದ್ಧದ ಮ್ಯಾಚ್‌ನಲ್ಲಿ ಓಟ, ಕ್ಯಾಚ್, ರಿಟರ್ನ್ ಎಲ್ಲ ಸೇರಿ 513 ಯಾರ್ಡ್. ಆ ಮ್ಯಾಚ್‌ನ ಒಂದು ಓಟ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಎಡಗಡೆ ಗೆರೆ ಪಕ್ಕ ಓಡುತ್ತಿದ್ದವನು ಥಟ್ ಅಂತ ನಿಂತ, ಚೆಂಡನ್ನು ಬೆನ್ನ ಹಿಂದಿನಿಂದ ಕೈ ಬದಲಾಯಿಸಿದ, ಇಡೀ ಮೈದಾನ ಅಡ್ಡ ಹಾಯ್ದು ಇನ್ನೊಂದು ಕಡೆ ಹೋಗಿ ಟಚ್‌ಡೌನ್ ಹೊಡೆದ. ಹಿಂದೆ ಓಡುತ್ತಿದ್ದವರು ಎತ್ತ ತಿರುಗಬೇಕು ಅಂತ ತಿಳಿಯದೆ ಉಳಿದರು.

ಮೈದಾನದ ಹೊರಗಿನ ನಿಯಮ ಉಲ್ಲಂಘನೆಯ ವಿವಾದದಿಂದ 2010ರಲ್ಲಿ ಅವನ ಹೈಸ್ಮನ್ ಹೋಯಿತು, 2024ರಲ್ಲಿ ವಾಪಸ್ ಬಂತು. ಆ 14 ವರ್ಷ ಈ ತರಹದ ಚರ್ಚೆಗಳಲ್ಲಿ ಅವನ ಹೆಸರನ್ನೇ ಬಿಟ್ಟು ಮಾತಾಡುತ್ತಿದ್ದರು. ಅದು ನನಗೆ ನೋವು ಕೊಟ್ಟಿತ್ತು. ಮೈದಾನದಲ್ಲಿ ಅವನು ಓಡಿದ್ದು ಸುಳ್ಳಲ್ಲವಲ್ಲ.

ಅವನೇ ಅತ್ಯುತ್ತಮ ಅಂತ ವಾದ ಮಾಡಲಾರೆ. ಪಕ್ಕದಲ್ಲೇ ಲೆಂಡೇಲ್ ವೈಟ್ ಇದ್ದ, ಕಷ್ಟದ ಒಂದೆರಡು ಯಾರ್ಡ್‌ಗೆ ಚೆಂಡು ಅವನಿಗೇ ಹೋಗುತ್ತಿತ್ತು. ಟೆಕ್ಸಸ್ ವಿರುದ್ಧದ ರೋಸ್ ಬೌಲ್‌ನ ಕೊನೆಯಲ್ಲಿ, ನಾಲ್ಕನೇ ಡೌನ್‌ಗೆ, ಅಂದರೆ ಕೊನೆಯ ಯತ್ನಕ್ಕೆ, 2 ಯಾರ್ಡ್ ಬೇಕಿದ್ದಾಗ, ಬುಷ್ ಬೆಂಚ್ ಪಕ್ಕ ನಿಂತಿದ್ದ. ಓಡಿದ್ದು ವೈಟ್, ಸಿಗಲಿಲ್ಲ, 41-38ರಲ್ಲಿ ಸೋಲು. ನೀವೆಲ್ಲ ಹೇಳುವ ವಾಕರ್, ಸ್ಯಾಂಡರ್ಸ್, ಜೆಂಟಿ ಯಾರನ್ನೂ ಅಂಥ ಹೊತ್ತಲ್ಲಿ ಹೊರಗೆ ನಿಲ್ಲಿಸುತ್ತಿರಲಿಲ್ಲ. ಇದನ್ನು ಬರೆಯುವಾಗ ನನಗೇ ಒಂದು ಅಳತೆಗೋಲು ಸಿಕ್ಕಿತು ನೋಡಿ. ನಾಲ್ಕನೇ ಡೌನ್, 2 ಯಾರ್ಡ್, ಎಲ್ಲರಿಗೂ ಗೊತ್ತು ಚೆಂಡು ಎಲ್ಲಿಗೆ ಹೋಗುತ್ತದೆ ಅಂತ. ಯಾರನ್ನು ಆರಿಸುತ್ತೀರಿ?

ಪ್ರಶ್ನೆ ಕೇಳಿದವರು

ಎಲ್ಲರ ಉತ್ತರವನ್ನೂ ಎರಡೆರಡು ಸಲ ಓದಿದೆ. ಮೊದಲ ಉತ್ತರದ 566 ಯಾರ್ಡ್ ಲೆಕ್ಕ ನನ್ನ ವಾದದ ಬುಡಕ್ಕೇ ಕೊಡಲಿ ಹಾಕಿತು, ಒಪ್ಪುತ್ತೇನೆ. ನಾನು 27 ಅನ್ನುವ ಸಂಖ್ಯೆಗೇ ಅಂಟಿಕೊಂಡು ಕೂತಿದ್ದೆ. ಮ್ಯಾಚ್ ಮ್ಯಾಚ್ ಆಗಿ ಇಟ್ಟು ನೋಡಿದರೆ ಒಂದು ಸೀಸನ್ ಸ್ಯಾಂಡರ್ಸ್‌ದೇ. ಜೆಂಟಿ ಅವನ ನಂತರ, ನನ್ನ ಪಟ್ಟಿಯಲ್ಲಿ ಗಾರ್ಡನ್‌ಗಿಂತ, ಅಲಬಾಮಾದ ಡೆರಿಕ್ ಹೆನ್ರಿಗಿಂತ ಮೇಲೆ.

ಆದರೆ ಉತ್ತರ 7ರ ಆ ನಾಲ್ಕನೇ ಡೌನ್ ಪ್ರಶ್ನೆ ಓದಿದಾಗ ನನಗೆ ಒಂದು ಕ್ಷಣವೂ ಯೋಚನೆ ಬೇಕಾಗಲಿಲ್ಲ, ಬಾಯಿಗೆ ಬಂದ ಹೆಸರು ಜೆಂಟಿಯೂ ಅಲ್ಲ, ಸ್ಯಾಂಡರ್ಸೂ ಅಲ್ಲ. ವಾಕರ್. ಅದೂ ನಾನು ಅವನ ಒಂದು ಪೂರ್ತಿ ಮ್ಯಾಚ್ ಕೂಡ ನೋಡಿಲ್ಲ, ಬರೀ ತುಣುಕುಗಳು. ತಂಡದ ಮೊತ್ತಕ್ಕಿಂತ ಒಬ್ಬನ ಮೊತ್ತ ಜಾಸ್ತಿ ಅನ್ನುವ ಆ ವಿಷಯ ನನಗೆ ಗೊತ್ತೇ ಇರಲಿಲ್ಲ. ಆ ಶುಗರ್ ಬೌಲ್ ಪೂರ್ತಿ ನೋಡಬೇಕು ಅಂತ ಹುಡುಕುತ್ತಿದ್ದೇನೆ. ಭುಜಕ್ಕೆ ಪೆಟ್ಟು ಬಿದ್ದಿದ್ದು ಎಷ್ಟನೇ ಕ್ಯಾರಿಯಲ್ಲಿ ಅಂತ ನೆನಪಿದ್ದವರು ಹೇಳಿ, ಅಲ್ಲಿಂದಲೇ ಗಮನ ಇಟ್ಟು ನೋಡುತ್ತೇನೆ.

ಉತ್ತರ 2 ಬರೆದವರು ಮತ್ತೆ

ಹಾಗೆ ಹುಡುಕಿಕೊಂಡು ಹೋಗಬೇಡಿ. ಮೊದಲಿನಿಂದ ನೋಡಿ. ಪೆಟ್ಟು ಬಿದ್ದಿದ್ದು ಶುರುವಿನಲ್ಲೇ, ಆಮೇಲೆ ಅವನ ಓಟ ನೋಡಿ ಇದು ಯಾವಾಗ ಆಯಿತು ಅಂತ ನಿಮಗೇ ಪತ್ತೆ ಹಚ್ಚಲು ಆಗುತ್ತದಾ ನೋಡಿ. ಮ್ಯಾಚ್ ಮುಗಿದ ಮೇಲೆ ಇಲ್ಲಿ ಬಂದು ಬರೆಯಿರಿ.

ಉತ್ತರ 1 ಬರೆದವರು ಮತ್ತೆ

ಅದನ್ನು ನೋಡಿ ಮುಗಿಸಿದ ಮೇಲೆ 1988ರ ಟೋಕಿಯೋ ಮ್ಯಾಚ್ ಕೂಡ ನೋಡಿ. ನಾನು ನನ್ನ ಓಟು ಬದಲಾಯಿಸುತ್ತಿಲ್ಲ.